ಕೋನಪ್ಪನ ಅಂಗಡಿಯ ನಂಬರು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರಿನ ಎಸ್‌ಟಿಡಿ ಬೂತಿನಲ್ಲಿ ನನ್ನ ಮೊಮ್ಮಗಳು ಸಂಘಮಿತ್ರ ರಿಸೀವರನ್ನು ಕಿವಿಗೆ ಹಿಡಿದಳು. ಆಮೇಲೆ ಅದನ್ನು ನನ್ನ ಕೈಗೆ ತುರುಕಿದಳು.

"ನೀನೇ ಹೇಳಜ್ಜಿ. ನನ್ ಬಾಯಿ ಒಣಗೋಯ್ತು."

ಅವಳಿಗೆ ಹತ್ತೊಂಬತ್ತು. ಎರಡು ವರ್ಷದಿಂದ ಭಾನುಪ್ರಕಾಶನ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಳು. ಮೈಕ್ ಹಿಡಿಯುವುದನ್ನು ಕಲಿಸಿದವನೂ ಅವನೇ. ಹೋದ ಗುರುವಾರ ಪ್ರಾಕ್ಟೀಸಿಗೆಂದು ಬೇರೆಯವರಿಗಿಂತ ಒಂದು ಗಂಟೆ ಮೊದಲೇ ಕರೆಸಿ ಮೈಮೇಲೆ ಕೈಹಾಕಿದ. ಇವಳು ತಳ್ಳಿ ಓಡಿ ಬಂದಳು. "ಬಾಯಿ ಬಿಟ್ರೆ ನೀನೇ ಬಂದೆ ಅಂತ ಊರಿಗೆಲ್ಲ ಹೇಳ್ತೀನಿ. ಮುಂದಿನ ವಾರ ಶನಿವಾರ ಗೌರಿಬಿದನೂರು ಪ್ರೋಗ್ರಾಮಿಗೆ ಸುಮ್ನೆ ವ್ಯಾನ್ ಹತ್ತು" ಎಂದು ಹಿಂದಿನಿಂದ ಕೂಗಿದನಂತೆ. ಇಷ್ಟನ್ನು ನನಗೆ ಹೇಳಲು ಅವಳಿಗೆ ನಾಲ್ಕು ದಿನ ಹಿಡಿಯಿತು.

ನಂಬರು ಕೊಟ್ಟವಳು ಚಿಂತಾಮಣಿಯ ಜಬೀನ್; ಬೇರೆ ತಂಡದಲ್ಲಿ ಹಾಡುವವಳು. ಹಾಡುವ, ವಾದ್ಯ ನುಡಿಸುವ ಹೆಣ್ಣುಮಕ್ಕಳಿಗೆ ಇಂಥದ್ದೇನಾದರೂ ಆದರೆ ಗುಟ್ಟಾಗಿ ಮಾತಾಡಲಿ ಎಂದು ನಾಲ್ಕಾರು ಹಿರಿಯ ಗಾಯಕಿಯರು ಚಿಕ್ಕಬಳ್ಳಾಪುರದಲ್ಲಿ ಇಟ್ಟಿದ್ದ ಫೋನು ಅದು. ಎತ್ತಿದವರು ದಿಲ್ಷಾದ್ ಬೇಗಂ.

"ಹುಡುಗಿ ಹೆಸರು ಹೇಳ್ಬೇಡಿ ಅಮ್ಮ. ಈಗ ಅವಳ ಜೊತೆ ಯಾರಿದ್ದಾರೆ?"

"ನಾನಿದೀನಿ ತಾಯಿ."

ಹೇಳತೊಡಗಿದೆ. ಬೂತಿನ ಹೊರಗೆ ಗೂಡಿನ ರೇಟು ಕೇಳಲು ಬಂದ ಮೂವರು ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಒಬ್ಬ ಬಾಗಿಲು ತಟ್ಟಿದ. "ಬೇಗ ಆಗ್ಲಜ್ಜಿ, ಮೊಮ್ಮಗಳ ಮದ್ವೆ ಮಾತುಕತೆ ಫೋನಲ್ಲೇ ಮುಗಿಸ್ತೀಯಾ?"

ಮಿತ್ರ ಅವನಿಗೆ ಮುಖ ಕಾಣದಂತೆ ಸೆರಗು ಮುಚ್ಚಿಕೊಂಡು ಹೊರಗೆ ಹೋದಳು. ಗದ್ದಲ ಅತ್ತ ಕಡೆಗೂ ಕೇಳಿಸಿತೇನೋ. "ಅಲ್ಲಿ ಜನ ಇದ್ದಾರೆ. ನಾಳೆ ಹನ್ನೊಂದಕ್ಕೆ ನಾನೇ ಮಾಡ್ತೀನಿ. ಯಾವ ನಂಬರಿಗೆ, ಯಾರನ್ನ ಕೇಳ್ಲಿ?" ಎಂದರು ದಿಲ್ಷಾದ್.

"ಅನಸೂಯಮ್ಮ ಅಂತ ಕೇಳಿ" ಎಂದು ನಂಬರು ಹೇಳಿಬಿಟ್ಟೆ.

ದಾರಿಯಲ್ಲಿ ಮಿತ್ರ ಜಬೀನಳು ನಂಬರು ಬರೆದುಕೊಟ್ಟಿದ್ದ ಚೀಟಿಯನ್ನೂ ಬೂತಿನ ಬಿಲ್ಲನ್ನೂ ಹತ್ತು ಚೂರು ಮಾಡಿ ಚರಂಡಿಗೆ ಹಾಕಿದಳು. ಯಾರ ಕೈಗೂ ಸಿಗಬಾರದೆಂದು. ಆಮೇಲೆ ಕೇಳಿದಳು:

"ಯಾವ ನಂಬರ್ ಕೊಟ್ಟೆ ಅಜ್ಜಿ?"

ನಡೆಯುತ್ತಿದ್ದವಳು ಅಲ್ಲೇ ನಿಂತೆ.

ನಮ್ಮ ಬೀದಿಯಲ್ಲಿ ಮನೆಗೆ ಫೋನಿಲ್ಲದವರೆಲ್ಲ ಎಲ್ಲಿ ಕೇಳಿದರೂ ಕೋನಪ್ಪನ ದಿನಸಿ ಅಂಗಡಿಯ ನಂಬರನ್ನೇ ಕೊಡುತ್ತಿದ್ದೆವು. ರೇಷನ್ ಕಾರ್ಡಿಗೂ ಅದೇ, ಆಸ್ಪತ್ರೆ ಚೀಟಿಗೂ ಅದೇ. ಫೋನು ಬಂದರೆ ಕೋನಪ್ಪ ಬೀದಿಗೆ ಬಂದು ಕೂಗುತ್ತಿದ್ದ. ಹತ್ತು ವರ್ಷದ ರೂಢಿ, ನಾಲಿಗೆ ತಾನೇ ಹೇಳಿಬಿಟ್ಟಿತ್ತು. ಆದರೆ ಕೋನಪ್ಪ ಭಾನುಪ್ರಕಾಶನ ಸೋದರಮಾವ. ಆರ್ಕೆಸ್ಟ್ರಾದ ಬುಕಿಂಗುಗಳೂ ಆ ಫೋನಿಗೇ ಬರುತ್ತವೆ. ಬೆಳಗಿನ ಹೊತ್ತು ಭಾನುಪ್ರಕಾಶ್ ಅಲ್ಲೇ ಕೂತಿರುತ್ತಾನೆ.

"ಜಬೀನ್ ಹತ್ರ ಹೋಗಣ, ನಂಬರ್ ಮತ್ತೆ ಕೇಳಣ" ಎಂದೆ.

"ಅವಳು ನೆನ್ನೆ ಅನಂತಪುರಕ್ಕೆ ಪ್ರೋಗ್ರಾಮಿಗೆ ಹೋದ್ಲು. ಬರೋದು ಭಾನುವಾರ." ಮಿತ್ರ ಅಳಲಿಲ್ಲ. "ಮುಗೀತು ಬಿಡು ಅಜ್ಜಿ" ಎಂದಳು ಅಷ್ಟೇ. ಅತ್ತಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಮರುದಿನ ಹತ್ತೂವರೆಗೇ ಅಂಗಡಿಗೆ ಹೋದೆ. ಭಾನುಪ್ರಕಾಶ್ ಫೋನಿನ ಪಕ್ಕದ ಸ್ಟೂಲಿನ ಮೇಲೆ ಕೂತು ಕಡ್ಲೆಬೀಜ ತಿನ್ನುತ್ತಿದ್ದ.

"ಏನಜ್ಜಿ, ನಿಮ್ ಕೋಗಿಲೆ ಪ್ರಾಕ್ಟೀಸಿಗೆ ಬರ್ಲೇ ಇಲ್ಲ?"

"ಜ್ವರ ಕಣಪ್ಪ."

"ಶನಿವಾರಕ್ಕೆ ಬಿಟ್ಟೋಗ್ತದೆ ಬಿಡಿ" ಎಂದು ನಕ್ಕ. 

ಕಾಲು ಕೇಜಿ ಬೆಲ್ಲ ಕೇಳಿದೆ. ಕೋನಪ್ಪ ಕಟ್ಟಿಕೊಟ್ಟ. ಉಪ್ಪು ಕೇಳಿದೆ. ಕೊಟ್ಟ. ಸಾಸಿವೆ ಕೇಳಿದೆ. "ಏನಮ್ಮೋ, ಒಂದೊಂದೇ ನೆನಪಾಗ್ತಾ ಇದೆಯಾ? ಪೂರ್ತಿ ಅಡುಗೆ ಇಲ್ಲೇ ಮಾಡ್ಕೊಂಡು ಹೋಗ್ಬಿಡು" ಎಂದು ಕೋನಪ್ಪ ರೇಗಿಸಿದ. ಗಡಿಯಾರದ ಕಡೆ ನೋಡಬಾರದೆಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಹನ್ನೊಂದಕ್ಕೆ ಫೋನು ಹೊಡೆದುಕೊಂಡಿತು. ನಾನು ಕೈಚಾಚುವ ಮೊದಲೇ ಭಾನುಪ್ರಕಾಶ್ ಎತ್ತಿದ.

"ಹಲೋ. ಹೌದು... ಯಾರು ಮಾತಾಡೋದು?" ಹುಬ್ಬು ಗಂಟಾಯಿತು. ನನ್ನನ್ನೇ ನೋಡಿದ. ತಕ್ಕಡಿಯ ಅಂಚನ್ನು ಹಿಡಿದುಕೊಂಡೆ.

"ಕಣ್ಣಿನ ಕ್ಯಾಂಪಿನೋರಂತೆ. ನಿಮ್ ಪೊರೆ ಆಪರೇಷನ್ ವಿಷಯ." ರಿಸೀವರು ಕೊಟ್ಟು ಅಲ್ಲೇ ನಿಂತ, ಒಂದು ಮೊಳ ದೂರದಲ್ಲಿ.

"ಗಂಡಸರ ದನಿ ಕೇಳಿ ಹೀಗೆ ಹೇಳಿದೆ" ಎಂದಿತು ದಿಲ್ಷಾದರ ಮೆಲುದನಿ. "ಅವನೇನಾ?"

"ಹೂಂ."

"ಪಕ್ಕದಲ್ಲೇ ಇದ್ದಾನಾ?"

"ಹೂಂ, ಎಡಗಣ್ಣೇ."

"ಇವತ್ತೇ ಅವಳನ್ನ ಕರ್ಕೊಂಡು ಬನ್ನಿ. ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡಲ್ಲಿ ಹಾಲಿನ ಬೂತ್ ಹತ್ರ ಹಸಿರು ಛತ್ರಿ ಹಿಡ್ಕೊಂಡು ನಿಂತಿರ್ತೀನಿ, ಎರಡು ಗಂಟೆಗೆ. ಆಗತ್ತಾ?"

"ಬರ್ತೀನಿ ಡಾಕ್ಟ್ರಮ್ಮ."

ಫೋನು ಇಟ್ಟೆ. ಬೆವರಿಗೆ ರಿಸೀವರು ಒದ್ದೆಯಾಗಿತ್ತು.

"ಎಲ್ಲಿಗಂತೆ?" ಎಂದ ಭಾನುಪ್ರಕಾಶ್.

"ಚಿಕ್ಕಬಳ್ಳಾಪುರ." ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ.

"ಇವತ್ತೇನಾ? ನಾನೂ ಅಲ್ಲಿಗೇ, ಸ್ಪೀಕರ್ ರಿಪೇರಿಗೆ. ವ್ಯಾನಲ್ಲೇ ಬನ್ನಿ. ಮಿತ್ರನ್ನೂ ಕರ್ಕೊಳ್ಳಿ, ಜ್ವರಕ್ಕೆ ತೋರ್ಸಣ." ಮಾತು ಬೆಲ್ಲದಂತಿತ್ತು.

"ಒಳ್ಳೇದಾಯ್ತಲ್ಲಮ್ಮ" ಎಂದ ಪಾಪ, ಕೋನಪ್ಪ.

"ವ್ಯಾನಲ್ಲಿ ಕೂತ್ರೆ ನಂಗೆ ವಾಂತಿ ಕಣಪ್ಪ."

"ಬಸ್ಸಲ್ಲಿ ವಾಂತಿ ಬರಲ್ವಾ?"

"ಬಸ್ಸಲ್ಲಿ ಕಿಟಕಿಯಾಚೆ ತಲೆ ಹಾಕ್ಬೋದು. ನಿನ್ ಸೀಟೆಲ್ಲ ಹಾಳಾದ್ರೆ ನೀನೇ ತೊಳೀಬೇಕು ನೋಡು."

ಕೋನಪ್ಪ ಗಹಗಹಿಸಿ ನಕ್ಕ. ಭಾನುಪ್ರಕಾಶ್ ನಗಲಿಲ್ಲ. "ಯಾವ ಬಸ್ಸಿಗೆ ಹೋಗ್ತೀರಿ?" ಎಂದ. ಕಿವಿ ಕೇಳಿಸದವಳ ಹಾಗೆ ಬಂದುಬಿಟ್ಟೆ. ಸಾಸಿವೆ ಅಲ್ಲೇ ಉಳಿಯಿತು.

ಹಿತ್ತಲ ಸಂದಿಯಿಂದ ಮಿತ್ರಳನ್ನು ಹೊರಡಿಸಿಕೊಂಡು, ಬಸ್ ಸ್ಟ್ಯಾಂಡಿಗೆ ಹೋಗದೆ, ಊರಾಚೆ ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿದೆ. ಚಿಕ್ಕಬಳ್ಳಾಪುರ ಬರುವವರೆಗೂ ಹಿಂದೆ ಯಾವ ವ್ಯಾನಿನ ಹಾರನ್ ಕೇಳಿದರೂ ಅವಳ ಉಗುರು ನನ್ನ ಮುಂಗೈಗೆ ಇಳಿಯುತ್ತಿತ್ತು.

ಹಸಿರು ಛತ್ರಿ ಹಿಡಿದಿದ್ದವರು ನನ್ನಷ್ಟೇ ವಯಸ್ಸಿನವರು. ಒಂದು ಮಹಡಿಯ ಕೋಣೆಗೆ ಕರೆದುಕೊಂಡು ಹೋದರು. "ಅಜ್ಜಿ ಒಳಗಿರ್ಬೇಕಾ, ಹೊರಗಾ?" ಎಂದು ಮಿತ್ರಳನ್ನು ಕೇಳಿದರು. ಅವಳು ನೆಲ ನೋಡುತ್ತ, "ಹೊರಗಿರ್ಲಿ" ಎಂದಳು. ಎದೆ ಚುರುಕ್ಕೆಂದಿತು. ಆದರೂ ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತೆ.

ತುಂಬ ಹೊತ್ತಾದ ಮೇಲೆ ಒಳಗೆ ಕರೆದರು. ಮಿತ್ರಳ ಮುಖ ಊದಿಕೊಂಡಿತ್ತು. 

"ಅವಳು ಹೇಳಿದ್ದು ಈ ಕೋಣೆಯಲ್ಲೇ ಇರತ್ತೆ" ಎಂದರು ದಿಲ್ಷಾದ್. "ವಕೀಲರಿದ್ದಾರೆ, ಸ್ಟೇಷನ್ನಿಗೆ ಹೋಗೋದಾದ್ರೆ ನಾನೂ ಜೊತೆಗೆ ಬರ್ತೀನಿ. ಹೋಗೋದು ಬಿಡೋದು ಅವಳಿಷ್ಟ. ಶನಿವಾರ ಇಲ್ಲೇ ಉಳ್ಕೊಳ್ಬೋದು."

ಉಸಿರು ಬಿಟ್ಟೆ. "ಹಂಗಾದ್ರೆ ವ್ಯಾನ್ ಹತ್ತೋದಿಲ್ಲ. ಅಷ್ಟು ಸಾಕು ತಾಯಿ."

"ಸಾಲ್ದು ಅಜ್ಜಿ" ಎಂದಳು ಮಿತ್ರ. "ನಾನು ಹೋಗ್ದೆ ಇದ್ರೆ ಹರಿಣಿನ ಹಾಡಿಸ್ತಾನೆ. ಅವಳನ್ನೂ ಒಂದು ಗಂಟೆ ಮುಂಚೆ ಕರೀತಾನೆ."

ಹರಿಣಿ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ.

"ಅವಳಿಗೆ ಯಾರು ಹೇಳ್ತಾರೆ?" ಎಂದೆ.

"ನಾನೇ. ಇವತ್ತು ಸಂಜೆನೇ, ಅವಳ ಮನೆಗೆ ಹೋಗಿ."

ಬೇಡ ಎನ್ನಲು ಬಾಯಿ ತೆರೆದೆ. ಅವಳು ಆಗಲೇ ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. "ಒಬ್ಬಳೇ ಬೇಡ" ಎಂದೆ. ದಿಲ್ಷಾದ್ ಚಪ್ಪಲಿ ಹಾಕಿಕೊಳ್ಳಲು ಎದ್ದರು.