ನಾಲ್ಕನೆಯ ರೀಡಿಂಗು

ಇಪ್ಪತ್ತಮೂರು ರೆಕಾರ್ಡು ಪುಸ್ತಕಗಳಲ್ಲೂ ನಾಲ್ಕನೆಯ ರೀಡಿಂಗು ಒಂದೇ ಆಗಿತ್ತು.

ಯಶವಂತಪುರದ ಗೂಡ್ಸ್ ಷೆಡ್ಡಿನ ಹಿಂದಿದ್ದ ಆ ಪಾಲಿಟೆಕ್ನಿಕ್ಕಿನ ಹೈಡ್ರಾಲಿಕ್ಸ್ ಲ್ಯಾಬಿಗೆ ಸತ್ಯವತಿ ಡೆಮಾನ್‌ಸ್ಟ್ರೇಟರ್ ಆಗಿ ಬಂದು ಎರಡು ತಿಂಗಳಾಗಿತ್ತು. ಮೊದಲು ಆ ಕೆಲಸದಲ್ಲಿದ್ದವನು ಅವಳ ಗಂಡ ವೇಣುಗೋಪಾಲ. ಅವನು ತೀರಿಕೊಂಡು ವರ್ಷವಾದ ಮೇಲೆ, ಹೇಗೂ ಬಿ.ಎಸ್ಸಿ. ಮಾಡಿದ್ದಾಳಲ್ಲ ಎಂದು ಪ್ರಿನ್ಸಿಪಾಲರು ಅವಳನ್ನು ಕರೆಸಿಕೊಂಡಿದ್ದರು. ಮತ್ತೀಕೆರೆಯ ಒಂಟಿ ಕೋಣೆಯಲ್ಲಿ ಭಾನುವಾರಗಳು ಒಂದು ಮಾತೂ ಇಲ್ಲದೆ ಮುಗಿಯುತ್ತಿದ್ದವು. ಬರುತ್ತೇನೆ ಎಂದಿದ್ದಳು.

ಪ್ರಯೋಗ ಸುಲಭದ್ದು. ತೊಟ್ಟಿಯ ಕೊನೆಯ ತಗಡಿನಲ್ಲಿ ವಿ ಆಕಾರದ ಕಚ್ಚು. ಅದರಿಂದ ನೀರು ಧುಮುಕುತ್ತದೆ. ಕಚ್ಚಿನ ತಳದಿಂದ ನೀರು ಎಷ್ಟು ಎತ್ತರ ನಿಂತಿದೆ, ಮುಂದಿನ ತೊಟ್ಟಿ ಒಂದಡಿ ತುಂಬಲು ಎಷ್ಟು ಸೆಕೆಂಡು ಹಿಡಿಯಿತು, ಇವೆರಡನ್ನು ಅಳೆದರೆ ಒಂದು ಗುಣಾಂಕ ಸಿಗುತ್ತದೆ. ಅದು ೦.೬೦ರ ಆಸುಪಾಸಿನಲ್ಲಿರಬೇಕು. ಉಳಿದ ರೀಡಿಂಗುಗಳಲ್ಲಿ ಎಲ್ಲರಿಗೂ ಹಾಗೆಯೇ ಬಂದಿತ್ತು. ನಾಲ್ಕನೆಯದು ಮಾತ್ರ ೦.೬೮.

ಅವಳು ಲಕ್ಕಣ್ಣನನ್ನು ಕರೆದಳು. ಹೆಬ್ಬಾಳದ ರೈತರ ಮನೆಯವನು. ತರಗತಿಯಲ್ಲಿ ಸುಳ್ಳು ಹೇಳಲು ಬಾರದವನು ಅವನೊಬ್ಬನೇ.

"ಇದನ್ನ ನೀನೇ ನೋಡಿ ಬರೆದಿದ್ದಾ?"

"ಇಲ್ಲ ಮೇಡಂ. ಸೀನಿಯರ್‌ಗಳ ರೆಕಾರ್ಡ್ನಾಗೆ ಇಂಗೇ ಐತೆ. ಅವ್ರು ಬೀರುನಾಗಿರೋ ಮಾಡೆಲ್ ರೆಕಾರ್ಡ್ ನೋಡಿ ಬರ್ದವ್ರೆ." ಸ್ವಲ್ಪ ತಡೆದು ಕೇಳಿದ: "ಸಾರ್ ಬರ್ದಿದ್ದು ತಪ್ಪಿರ್ತದಾ ಮೇಡಂ?"

ಅವಳು ಬೀರು ತೆಗೆದಳು. ಮಾಡೆಲ್ ರೆಕಾರ್ಡಿನಲ್ಲಿ ವೇಣುಗೋಪಾಲನ ನೆಟ್ಟಗಿನ ಅಕ್ಷರ. ನಾಲ್ಕನೆಯ ಸಾಲು: ಎತ್ತರ ೦.೨೪೩ ಅಡಿ, ಕಾಲ ೯೪ ಸೆಕೆಂಡು. ಮೇಲೆ ತಾರೀಖು, ೧೪ ನವೆಂಬರ್ ೧೯೬೦.

ಆ ಸಂಜೆ ಅವನು ಮನೆಗೆ ಬಂದವನೇ, "ಕಣ್ಣು ಮಂಜಾಗ್ತಿದೆ ಕಣೇ, ತಲೆ ಸಿಡೀತಿದೆ" ಎಂದಿದ್ದ. ಕೆಲಸ ಹೆಚ್ಚಾಗಿರಬೇಕು ಎಂದು ಕಾಫಿ ಕೊಟ್ಟು ಅವಳು ಅಕ್ಕಿ ಆರಿಸುತ್ತ ಕುಳಿತಿದ್ದಳು. ಒಂಬತ್ತನೆಯ ದಿನ ಆಸ್ಪತ್ರೆಯಲ್ಲಿ ಡಾಕ್ಟರು, ಯಾವತ್ತಿನಿಂದ ಎಂದು ಕೇಳಿದಾಗ ಮೂರು ದಿನದಿಂದ ಎಂದಳು. ಅವನು ಹೋದ ಮೇಲೆ ಕೇಳಿದವರಿಗೆಲ್ಲ ಹಾಗೆಯೇ ಹೇಳಿದಳು. ಹೇಳಿ ಹೇಳಿ ಅದೇ ನಿಜವೆನಿಸಿತ್ತು.

ಸುಮ್ಮನೆ ಸಹಿ ಹಾಕಿಬಿಡಬಹುದಿತ್ತು. ಈ ಒಂದು ಅಂಕಿಯಾದರೂ ವರ್ಷವರ್ಷವೂ ಹೊಸ ಹುಡುಗರ ಕೈಬರಹದಲ್ಲಿ ಉಳಿಯುತ್ತಿತ್ತು. ಅವನದೆಂದು ಇನ್ನೇನು ಉಳಿದಿತ್ತು?

"ಪಿಳ್ಳಣ್ಣಾ, ಪಂಪ್ ಹಾಕಿ."

ಲ್ಯಾಬಿನ ಹಳೆಯ ಮೆಕ್ಯಾನಿಕ್ ಪಿಳ್ಳಣ್ಣ ಅಲ್ಲಾಡಲಿಲ್ಲ. "ಬುಡಿ ಅಮ್ಮಾವ್ರೇ. ಮೇಷ್ಟ್ರು ಬರ್ದಂಗೇ ಇರ್ಲಿ. ಓಗಿರೋರನ್ನ ಈಗ ಪರೀಕ್ಷೆ ಮಾಡ್ಬೇಕಾ?"

"ಹಾಕಿ ಪಿಳ್ಳಣ್ಣ."

ಗೊಣಗುತ್ತ ಹಾಕಿದ. ತೊಂಬತ್ತನಾಲ್ಕೇ ಸೆಕೆಂಡಿಗೆ ತೊಟ್ಟಿ ಒಂದಡಿ ತುಂಬುವ ತನಕ ಲಕ್ಕಣ್ಣ ವಾಲ್ವನ್ನು ಹಿಂದೆ ಮುಂದೆ ತಿರುಗಿಸಿದ. ಮೂರು ಸಲ ತಪ್ಪಿ ನಾಲ್ಕನೆಯ ಸಲ ಸರಿಹೋಯಿತು. ನೀರು ಒಂದೇ ಮಟ್ಟದಲ್ಲಿ ನಿಲ್ಲಲೆಂದು ಕಾದರು. ಎತ್ತರ ಅಳೆಯುವ ಕೊಕ್ಕೆಯನ್ನು ನೀರಿನೊಳಗಿನಿಂದ ಮೆಲ್ಲಗೆ ಮೇಲಕ್ಕೆ ತರಬೇಕು. ಅದರ ಮೊನೆ ನೀರಿನ ಮೈಮೇಲೆ ಸಾಸಿವೆಯಷ್ಟು ಗುಳ್ಳೆ ಎಬ್ಬಿಸಿದೊಡನೆ ಕೈ ನಿಲ್ಲಿಸಬೇಕು. ಚೆನ್ನಾಗಿರುವ ಕಣ್ಣಿಗೂ ಅದು ಸಲೀಸಲ್ಲ.

"ಸೊನ್ನೆ ಬಿಂದು ಎರಡು ಐದು ಆರು," ಎಂದ ಲಕ್ಕಣ್ಣ.

ಅವಳೂ ಬಗ್ಗಿ ನೋಡಿದಳು. ಎರಡು ಐದು ಆರೇ. ಲೆಕ್ಕ ಹಾಕಿದರೆ ೦.೬೦.

"ವಾಚ್ ನೋಡೋದ್ರಾಗೆ ಯಾರೂ ಅಷ್ಟು ತಪ್ಪಲ್ಲ, ಸಾರ್ ಟೈಮ್ ಸರಿಯಾಗೇ ಬರ್ದವ್ರೆ ಮೇಡಂ. ಕೊಕ್ಕೆ ನೋಡೋದ್ರಾಗೆ ತಪ್ಪಿರೋದು. ಸಾರ್ ಅಂಗೆಲ್ಲ ತಪ್ಪೋರಲ್ಲ."

"ಅವತ್ತು ಅವರಿಗೆ ಕಣ್ಣು ಕಾಣ್ತಿರಲಿಲ್ಲ," ಎಂದಳು ಸತ್ಯವತಿ. "ಕಾಯಿಲೆ ಅವತ್ತೇ ಶುರುವಾಗಿತ್ತು."

ಪಿಳ್ಳಣ್ಣ ಕೈ ಒರೆಸಿಕೊಳ್ಳುತ್ತಿದ್ದವನು ನಿಂತ. "ಮೂರು ದಿನದ್ದು ಅಂದಿದ್ರಲ್ಲಮ್ಮಾ?"

"ಅಂದಿದ್ದೆ. ಒಂಬತ್ತು ದಿನದ್ದು. ನನಗೆ ಹೇಳಿದ್ರು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ."

ಲಕ್ಕಣ್ಣ ತಲೆ ತಗ್ಗಿಸಿದ. ಪಿಳ್ಳಣ್ಣ ಸ್ಟೂಲನ್ನು ಎಳೆದು ಅವಳ ಪಕ್ಕಕ್ಕಿಟ್ಟ. ಅವಳು ಕೂರಲಿಲ್ಲ.

ರೆಕಾರ್ಡಿನಲ್ಲಿ ತಪ್ಪಾದ ಅಂಕಿಯನ್ನು ಉಜ್ಜಿ ಅಳಿಸುವಂತಿಲ್ಲ. ಅವಳು ಮಾಡೆಲ್ ರೆಕಾರ್ಡಿನ ೦.೨೪೩ರ ಮೇಲೆ ಸ್ಕೇಲಿಟ್ಟು ಒಂದೇ ಗೆರೆ ಎಳೆದಳು. ಕೆಳಗಿನದು ಓದಲು ಬರುವಂತೆಯೇ ಇತ್ತು. ಮೇಲೆ ೦.೨೫೬ ಎಂದು ಬರೆದು, ಪಕ್ಕದಲ್ಲಿ ತಾರೀಖು, ತನ್ನ ಸಹಿ.

"ಉಳಿದವರನ್ನ ಕರಿ," ಎಂದಳು ಲಕ್ಕಣ್ಣನಿಗೆ. "ನಾಲ್ಕು ನಾಲ್ಕು ಜನ ಬರಲಿ. ಪ್ರತಿಯೊಬ್ಬರೂ ಬಗ್ಗಿ ನೋಡಿಯೇ ಬರೀಬೇಕು."