ಎಂಜಿನ್ ಈಚೆ ಬರುವ ದಾರಿ

“ಬರ್ಲಿ, ಬರ್ಲಿ, ಇನ್ನೊಂಚೂರು ಬರ್ಲಿ,” ಎಂದು ಕೈಯಾಡಿಸುತ್ತ ಬಸವೇಶ ಟೆಂಪೊವನ್ನು ಹಿಮ್ಮುಖವಾಗಿ ಓಣಿಯೊಳಕ್ಕೆ ತರಿಸುತ್ತಿದ್ದ. ಶಾಮಿಯಾನದ ಕೆಳಗೆ ಕೂತಿದ್ದವರು ಕುರ್ಚಿ ಸರಿಸಿ ಜಾಗ ಬಿಟ್ಟರು. ಸಾವಿನ ಮನೆಗೆ ಸಾಮಾನಿನ ಟೆಂಪೊ ಯಾಕೆ ಬಂತೆಂದು ಯಾರೂ ಕೇಳಲಿಲ್ಲ. ಕೊರಟಗೆರೆಯಿಂದ ಜನರನ್ನು ಕರೆತಂದಿರಬೇಕು ಅಂದುಕೊಂಡರು. ಟೆಂಪೊದಲ್ಲಿ ಜನ ಇರಲಿಲ್ಲ. ಒಂದು ಹಳೆ ಹಾಸಿಗೆ, ಹಗ್ಗ ಇದ್ದವು.

ಜಗಲಿಯ ಮೇಲೆ ಗಂಡನ ತಲೆಯ ಬಳಿ ಕೂತಿದ್ದ ಇಂದ್ರಮ್ಮನಿಗೆ ಆ ಹಾಸಿಗೆ ಯಾತಕ್ಕೆಂದು ಕೂಡಲೇ ತಿಳಿಯಿತು. ಒಳಕೋಣೆಯ ಆಟದ ರೈಲಿನ ಹಲಗೆಗಳಿಗೆ ಪೆಟ್ಟಾಗದಿರಲಿ ಎಂದು ಹೋದ ಸಲವೂ ಅವನು ಅದನ್ನೇ ತಂದಿದ್ದ.

ತೀರಿಕೊಂಡ ಸಂಜೀವಯ್ಯ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ಊರಿಗೆ ರೈಲು ಬರುತ್ತದೆ, ಬರುತ್ತದೆ ಎಂದು ಕೇಳಿ ಕೇಳಿ ಸಾಕಾಗಿ, ಒಳಕೋಣೆಯಲ್ಲಿ ತಾನೇ ಹಲಗೆಗಳ ಮೇಲೆ ಒಂದು ಪುಟ್ಟ ಮಧುಗಿರಿ ಸ್ಟೇಷನ್ನನ್ನೂ ಬೋಗಿ ನಿಲ್ಲಿಸುವ ಯಾರ್ಡನ್ನೂ ಕಟ್ಟಿದ್ದ. ಕೊರಟಗೆರೆಯಲ್ಲಿ ಪುಸ್ತಕದಂಗಡಿ ಇಟ್ಟಿದ್ದ ಬಸವೇಶ ಸಿದ್ದರಬೆಟ್ಟದ ತಿರುವನ್ನು ಮಾಡಿದ್ದ. ಪಾವಗಡದ ಜಯರಾಮಯ್ಯ ಬಂಡೆಗಳ ನಡುವಿನ ಹಳಿ ಮಾಡಿದ್ದ. ಒಬ್ಬೊಬ್ಬರ ಹಲಗೆ ಒಬ್ಬೊಬ್ಬರ ಮನೆಯಲ್ಲಿ, ತುದಿಗಳು ಮಾತ್ರ ಒಂದೇ ಅಳತೆ. ಒಂದೆಡೆ ತಂದು ಜೋಡಿಸಿದರೆ ಮೂರೂ ಊರಿಗೆ ಆಟದ ರೈಲು ಓಡುತ್ತಿತ್ತು. ನಡುವೆ ಸಂಜೀವಯ್ಯನ ಸ್ಟೇಷನ್ ಇಲ್ಲದಿದ್ದರೆ ಮಿಕ್ಕದ್ದು ಬರೀ ಹಳಿ, ನಿಲ್ಲಲು ನೆಲೆಯಿಲ್ಲ.

ಬಸವೇಶ ಹಾರ ಹಾಕಿದ, ಕಣ್ಣೊರೆಸಿಕೊಂಡ, ಇಂದ್ರಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತ.

“ಅತ್ತಿಗೆ, ಭಾನುವಾರ ತುಮಕೂರಲ್ಲಿ ಪ್ರದರ್ಶನ ಐತೆ. ಅಣ್ಣನ ಸ್ಟೇಷನ್ನ ಇವತ್ತೇ ತಗಂಡ್ ಹೋಗ್ಬುಡ್ತೀನಿ. ನಾಳೆ ಬಂದ್ರೆ ಸೂತಕ ಅಂತೀರ. ಅವರ ಹೆಸರಾದ್ರೂ ಉಳ್ಕಳ್ಳಲಿ.”

“ಯಾರ ಹೆಸ್ರು?” ಎಂದಳು ಇಂದ್ರಮ್ಮ.

ಅವನು ಹಾರದ ದಾರ ಸರಿಮಾಡಿದ.

“ನೀರು ಕಾಯ್ಲಿ, ತಡಿಯಪ್ಪ,” ಎಂದಳು.

* * *

ಆ ಯಾರ್ಡಿನ ನಕ್ಷೆ ಮೊದಲು ಬಿದ್ದದ್ದು ನಡುಮನೆಯ ನೆಲದ ಮೇಲೆ. ಇಂದ್ರಮ್ಮ ರಂಗೋಲಿ ಪುಡಿಯಲ್ಲಿ ಗೆರೆ ಎಳೆಯುವುದು, ಸಂಜೀವಯ್ಯ ಬೆಂಕಿಪೊಟ್ಟಣಗಳನ್ನು ಬೋಗಿ ಮಾಡಿಕೊಂಡು ತಳ್ಳುವುದು. ಅವನದು ಬಸ್ಸಿನ ಬುದ್ಧಿ. ಬಂದದ್ದನ್ನೆಲ್ಲ ಗೋಡೆಗೆ ಮೂತಿ ಮಾಡಿ ನಿಲ್ಲಿಸುತ್ತಿದ್ದ. ಒಂದು ದಿನ ಅವಳು ಒಗ್ಗರಣೆ ಬಿಟ್ಟು ಬಂದು ನೋಡಿದಳು.

“ಅಲ್ಲಾ, ಎಂಜಿನ್ನು ಮುಂದ್ಗಡೆ ಸಿಕ್ಕಾಕ್ಕಂಡೈತೆ, ಹಿಂದೆ ಬೋಗಿ ನಿಂತವೆ. ಅದು ಈಚೆ ಬರೋದು ಹೆಂಗೆ?”

ಸಂಜೀವಯ್ಯ ಬೆಂಕಿಪೊಟ್ಟಣವನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ನೋಡಿದ. ಅವಳೇ ಮುಂದೆ ಎಂಜಿನ್ ನಿಲ್ಲುವಷ್ಟು ಜಾಗ ಬಿಟ್ಟು, ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ಎರಡೂ ತುದಿಯನ್ನು ಬಾಗಿಸಿ ಮೊದಲಿನ ಗೆರೆಗೆ ಕೂಡಿಸಿದಳು. ಎಂಜಿನ್ ಬೋಗಿಗಳನ್ನು ಬಿಚ್ಚಿಟ್ಟು, ಆ ಗೆರೆಯಲ್ಲಿ ಹಿಂದಕ್ಕೆ ಬಂದು, ಬೋಗಿಗಳ ಇನ್ನೊಂದು ತುದಿಗೆ ಸೇರಿಕೊಂಡಿತು. ಅವತ್ತು ಸಾರಿನ ಒಗ್ಗರಣೆ ಸೀದು ಕರಿಯಾಗಿತ್ತು. ಅದನ್ನೇ ಇಬ್ಬರೂ ನಗುತ್ತ ಉಂಡರು. ಆಮೇಲೆ ಹಲಗೆಯ ಮೇಲೆ ಹಳಿ ಹಾಕಿದಾಗಲೂ ಅವನು ಅದನ್ನು ‘ಇಂದ್ರಿ ಗೆರೆ’ ಎಂದೇ ಕರೆದ.

ಹೋದ ವರ್ಷ ತುಮಕೂರಿನ ಪ್ರದರ್ಶನದಲ್ಲಿ ಅದೇ ಹಲಗೆಯ ಮುಂದೆ ಫಲಕ ನಿಂತಿತ್ತು: ಸ್ಟೇಷನ್ ಮತ್ತು ಯಾರ್ಡ್ ಯೋಜನೆ, ಬಸವೇಶ್, ಕೊರಟಗೆರೆ. ಪೇಪರಿನವರು ಫೋಟೊ ತೆಗೆಯುವಾಗ ಬಸವೇಶ ಸಂಜೀವಯ್ಯನ ಹೆಗಲ ಮೇಲೆ ಕೈಯಿಟ್ಟು, ಇವರು ನಮಗೆ ಮರಗೆಲಸ ಮಾಡಿಕೊಟ್ಟವರು ಎಂದ. “ಒಸಿ ಆಚೆ ನಿಂತ್ಕಳಣ್ಣ, ನೆರಳು ಬೀಳ್ತಾ ಐತೆ.” ಸಂಜೀವಯ್ಯ ಆಚೆ ನಿಂತುಕೊಂಡ. ಇಂದ್ರಮ್ಮ ಅಲ್ಲೇ ಇದ್ದಳು.

ಮನೆಗೆ ಬಂದು ಸ್ಟೇಷನ್ನಿಗೆ ಪಂಚೆ ಹೊದಿಸಿದವನು ಮತ್ತೆ ಸ್ವಿಚ್ ಹಾಕಲಿಲ್ಲ. ಅವಳು ಬಸವೇಶನನ್ನು ಬಾಯಿಗೆ ಬಂದಂತೆ ಬೈದರೆ, “ಹೋಗ್ಲಿ ಬುಡು. ನಮ್ ಸ್ಟೇಷನ್ ಇಲ್ದಿದ್ರೆ ಅವನ ರೈಲು ಎಲ್ ನಿಲ್ತದೆ, ಪಾಪ,” ಅನ್ನುತ್ತಿದ್ದ. ಆ ‘ಪಾಪ’ ಕೇಳಿದಾಗೆಲ್ಲ ಅವಳಿಗೆ ಗಂಡನ ಮೇಲೂ ಮೈಯೆಲ್ಲ ಉರಿಯುತ್ತಿತ್ತು.

* * *

ಹಿತ್ತಲಲ್ಲಿ ಹೆಣಕ್ಕೆ ಎರೆಯುವ ನೀರಿನ ಹಂಡೆ ಹೊಗೆಯಾಡುತ್ತಿತ್ತು. ಮಳೆಗೆ ಸೌದೆ ನೆಂದಿತ್ತು. ಇಂದ್ರಮ್ಮನ ಅಕ್ಕ ಮಹಾಲಕ್ಷ್ಮಮ್ಮ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡು, ಒಲೆ ಹತ್ತುತ್ತಿಲ್ಲವೆಂದು ಹೇಳಿಕಳಿಸಿದಳು. ಇಂದ್ರಮ್ಮ ಎದ್ದು ಒಳಗೆ ಹೋದಳು. ಹೊಸ ಪಂಚೆ ತರಲು ಹೋದಳೆಂದು ಎಲ್ಲರೂ ತಿಳಿದರು.

ಅವಳು ಒಳಕೋಣೆಯ ಚಿಲಕ ಹಾಕಿಕೊಂಡು ಹೊದಿಕೆ ತೆಗೆದಳು. ಹೆಂಚಿನ ಸ್ಟೇಷನ್ನು, ಬೆರಳುದ್ದದ ಬೆಂಚು, ಮಧುಗಿರಿ ಎಂದು ಬರೆದ ಹಳದಿ ಬೋರ್ಡು. ಗಂಡನಿಗೆ ಜೀವ ಬಂದರೆ ಎದ್ದು ಬಂದು ತಾನೇ ಟೆಂಪೊಗೆ ಎತ್ತಿ ಕೊಡುತ್ತಾನೆಂದು ಅವಳಿಗೆ ಗೊತ್ತಿತ್ತು. ಅವನು ಆಸೆಪಟ್ಟು ಮಾಡಿದ್ದು ಇದೊಂದೇ. ಅವಳಿಗೆ ಅಳು ಬಂತು. ಅತ್ತುಕೊಂಡೇ ಮಚ್ಚಿನ ಹಿಂಬದಿಯಿಂದ ಹೊಡೆದು ಹಲಗೆಗಳನ್ನು ಬಿಡಿಸಿದಳು.

ಹಿತ್ತಲ ಬಾಗಿಲಿಂದ ತಂದು ಹಾಕಿದ್ದನ್ನು ಕಂಡು ಮಹಾಲಕ್ಷ್ಮಮ್ಮ ಒಲೆಗೆ ಹಾಕಲು ಹಿಂಜರಿದಳು.

“ಹಾಕಕ್ಕ,” ಎಂದಳು ಇಂದ್ರಮ್ಮ. “ಅವ್ರು ಮಾಡಿದ್ದು ಅವ್ರಿಗೇ ಆಗ್ಲಿ.”

ಒಣಗಿದ ಪ್ಲೈವುಡ್ಡು ಭಗ್ಗನೆ ಹತ್ತಿಕೊಂಡಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಶಾಮಿಯಾನದವರೆಗೂ ಹೋಯಿತು.

ಹೆಣವನ್ನು ಹಿತ್ತಲಿಗೆ ತಂದು ಕೂರಿಸಿದರು. ನೆಂಟರಿಷ್ಟರು ಒಬ್ಬೊಬ್ಬರಾಗಿ ಒಂದೊಂದು ಚೊಂಬು ಎರೆದರು. ಬಸವೇಶನೂ ಎರಡೂ ಕೈಯಲ್ಲಿ ಚೊಂಬು ಹಿಡಿದು ತಲೆಯ ಮೇಲಿಂದ ನಿಧಾನವಾಗಿ ಹುಯ್ದ. ನೀರು ಚೆನ್ನಾಗಿ ಕಾದಿದೆ ಎಂದೂ ಹೇಳಿದ. ಆಮೇಲೆ ಕೈಯೊರೆಸಿಕೊಂಡು ಇಂದ್ರಮ್ಮನ ಹತ್ತಿರ ಬಂದ.

“ಅತ್ತಿಗೆ, ಚಟ್ಟ ಕಟ್ಟೋದ್ರಾಗೆ ಸ್ಟೇಷನ್ನ ಎತ್ತಿಟ್ಕಂಬುಡ್ಲಾ?”

“ಈಗ ಹುಯ್ದೆಯಲ್ಲಪ್ಪ,” ಎಂದಳು ಇಂದ್ರಮ್ಮ. “ಅದ್ರಾಗೇ ಕಾದಿದ್ದು ಆ ನೀರು.”

ಅವನಿಗೆ ಅರ್ಥವಾಗಲಿಲ್ಲ. ಒಲೆಯ ಕಡೆ ನೋಡಿದ. ಅರ್ಧ ಬೆಂದ ಹಳದಿ ಬೋರ್ಡು ಕಲ್ಲಿನ ಪಕ್ಕ ಬಿದ್ದಿತ್ತು. ಓಡಿಹೋಗಿ ಕೋಲಿನಿಂದ ಕೆದಕತೊಡಗಿದ. ಹಲಗೆ ಒಂದೂ ಉಳಿದಿರಲಿಲ್ಲ. ಕಪ್ಪಗಾದ ಹಳಿಗಳು ಮಾತ್ರ ಬೂದಿಯೊಳಗಿಂದ ಒಂದೊಂದೇ ಎದ್ದುಬಂದವು. ಅವುಗಳನ್ನು ಹೆಣಕ್ಕೆ ಎರೆದ ನೀರು ಹರಿದಿದ್ದ ನೆಲದ ಮೇಲೆ ಹಾಕಿದ.

ಮನೆಯ ಮುಂದೆ ತಮಟೆ ಶುರುವಾಯಿತು. ಖಾಲಿ ಟೆಂಪೊ ಈಚೆ ತೆಗೆದು ಚಟ್ಟಕ್ಕೆ ದಾರಿ ಮಾಡಿದರು. ಜಯರಾಮಯ್ಯ ಹಿತ್ತಲಿಗೆ ಬಂದು, “ಏಮಯ್ಯಾ ಬಸವೇಶ, ಹೆಗಲು ಕೊಡಕ್ಕೆ ಬರಲ್ವಾ?” ಎಂದು ಕರೆದ. ಅವನು ಬೂದಿ ಕೆದಕುತ್ತಲೇ ಇದ್ದ. ಜಯರಾಮಯ್ಯ ಹೊರಟುಹೋದ.

ಇಂದ್ರಮ್ಮ ಬಾಗಿಲಿನವರೆಗೆ ಹೋಗಿ ಗಂಡನನ್ನು ಕಳಿಸಿ ಬಂದಳು. ಬಸವೇಶ ಇನ್ನೂ ಕುಕ್ಕರುಗಾಲಲ್ಲೇ ಇದ್ದ.

“ಯೋಜನೆ ನಿಂದೇ ಅಲ್ವಾ,” ಎಂದಳು. “ಜೋಡ್ಸು.”

ಅವನು ಜೋಡಿಸಿದ. ಪ್ಲಾಟ್‌ಫಾರ್ಮಿನ ಹಳಿ ಇಟ್ಟ, ಪಕ್ಕಕ್ಕೆ ಇನ್ನೊಂದಿಟ್ಟ, ತೆಗೆದು ಮತ್ತೆ ಇಟ್ಟ. ಎಲ್ಲವೂ ಹಿತ್ತಲ ಗೋಡೆಗೆ ಮೂತಿ ಮಾಡಿ ನಿಂತವು. ತಮಟೆ ಸದ್ದು ದೂರವಾಗುತ್ತಿತ್ತು. ಎರಡೂ ತುದಿ ಬಾಗಿದ ಒಂದು ಹಳಿ ಅವನ ಕೈಯಲ್ಲಿ ಉಳಿದಿತ್ತು. ಅದನ್ನು ಅಲ್ಲಿ ಹಿಡಿದು ನೋಡಿದ, ಇಲ್ಲಿ ಹಿಡಿದು ನೋಡಿದ. ಕೊನೆಗೆ, ಹೆಚ್ಚಾಯಿತೆಂದು ಪಕ್ಕಕ್ಕಿಟ್ಟ.