ಕೊಯ್ದ ಪೈಪು

ನನ್ನ ಮಗ ನನ್ನ ಅಳಿಯನನ್ನು ಹಾರೆಯಿಂದ ಹೊಡೆದು ಕೊಂದ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡವರು. ಇದನ್ನು ಬರೆಯಲು ದೇವರು ನನ್ನನ್ನು ಏಕೆ ಉಳಿಸಿದನೋ ಅವನೇ ಬಲ್ಲ.

ನಿಂಬೆ ತೋಟವನ್ನು ಮಗಳಿಗೂ ಮಗನಿಗೂ ಸಮನಾಗಿ ಹಂಚಿದ್ದೆ. ಕೊಳವೆಬಾವಿ ಮಾತ್ರ ಒಂದೇ. ಆ ಬೇಸಿಗೆಯಲ್ಲಿ ಅದು ಸ್ವಲ್ಪ ಹೊತ್ತು ನೀರು ಕೊಟ್ಟು, ಆಮೇಲೆ ಬರೀ ಗಾಳಿ ಉಗುಳುತ್ತಿತ್ತು. ಬೆಳಗಾದರೆ ಮಗನ ಡ್ರಿಪ್ ಪೈಪುಗಳಲ್ಲಿ ಹೊಸ ತೂತು. ಗಿಡದ ಬುಡ ಒಣಗಿರುತ್ತಿತ್ತು, ಗಿಡವಿಲ್ಲದ ಕಡೆ ನೆಲ ಒದ್ದೆಯಾಗಿರುತ್ತಿತ್ತು. ಅವನ ಕೊನೆಯ ಸಾಲುಗಳು ಎಲೆ ಉದುರಿಸಿ ನಿಂತಿದ್ದವು.

ಅಳಿಯ ಹಿಂದೆ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವನು. ಮಗ ಅವನನ್ನು ಪಂಕ್ಚರ್ ಎಂದೇ ಕರೆಯುತ್ತಿದ್ದ.

“ಏನ್ ಪಂಕ್ಚರ್ ಭಾವ, ನಿಮ್ಮ ಗಿಡ ಮಾತ್ರ ಮದುಮಗಳ ಥರ ಮಿರಿಮಿರಿ ಅಂತಿವೆ?” ಎಂದ, ಕೊಲೆಯ ಹಿಂದಿನ ದಿನ ಊಟಕ್ಕೆ ಕೂತಾಗ.

“ನಿನ್ನ ಪೈಪು ಕಡೀತಿರೋದು ಅಳಿಲು ಕಣೋ. ನಿನ್ನ ಕಡೆ ಬೇಲಿ ಮರದಲ್ಲೇ ಅವುಗಳ ಗೂಡು. ಕುಡಿಯೋಕೆ ಎಲ್ಲೂ ಹನಿ ನೀರಿಲ್ಲ, ಪಾಪ.”

“ಹೌದೌದು, ಎರಡು ಕಾಲಿನ ಅಳಿಲು!”

“ಹಾಗಾದ್ರೆ ನನ್ನ ಬಾಲ ಎಲ್ಲಿದೆ ಹುಡುಕು” ಎಂದು ಅಳಿಯ ನಕ್ಕ.

ಮಗ ತಟ್ಟೆಯನ್ನು ಗೋಡೆಗೆ ಬೀಸಿ ಎಸೆದ. “ಇನ್ನೊಂದು ತೂತು ಕಾಣ್ಲಿ, ಕೈ ಮುರಿದು ಹಾಕ್ತೀನಿ!”

“ಮುಟ್ಟಿ ನೋಡೋ” ಎಂದಳು ಮಗಳು, ಅವನ ಅಕ್ಕ. ಚೆಲ್ಲಿದ ಅನ್ನವನ್ನು ಬಾಚಿ ಎತ್ತಿದವಳೂ ಅವಳೇ.

ಮರುದಿನ ಬೆಳಿಗ್ಗೆ ನಾನು ಮೋಟಾರು ಹಾಕಿ ಫಿಲ್ಟರಿನ ಜಾಲರಿ ತೊಳೆಯುತ್ತಿದ್ದೆ. ತೋಟದೊಳಗಿಂದ ಮಗನ ಅಬ್ಬರ ಕೇಳಿ ಓಡಿದೆ. ಅಳಿಯ ಮಗನ ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ, ಕೈಯಲ್ಲಿ ಚಾಕು. ಪೈಪು ಎರಡು ತುಂಡಾಗಿ ನೀರು ಭೋರೆಂದು ಸುರಿಯುತ್ತಿತ್ತು.

“ಕೊಯ್ತಾ ಇದೀಯಾ, ಕಳ್ಳ ನನ್ಮಗನೆ!”

“ತಡಿಯೋ, ಕೊಯ್ಯದೆ ಹ್ಯಾಗೆ...”

ಹಾರೆಯ ಮೊದಲ ಏಟಿಗೆ ಅಳಿಯನ ಹೆಗಲು ಮುರಿಯಿತು. ಅವನು ಕೈ ಅಡ್ಡ ಹಿಡಿದ. ಎರಡನೆಯದು ತಲೆಗೆ ಬಿತ್ತು. ಆಮೇಲೆ ಹೊಡೆಯುವ ಅಗತ್ಯವೇ ಇರಲಿಲ್ಲ, ಆದರೂ ಮಗ ಹೊಡೆದ. ಹಿಂದಿನಿಂದ ತಬ್ಬಿ ಹಿಡಿದ ನನ್ನನ್ನು ಗಿಡದ ಪಾತಿಗೆ ಎಸೆದು ಮತ್ತೆ ಹೊಡೆದ. ರಕ್ತ ನೀರಿನ ಜೊತೆ ಸೇರಿ ಬುಡಕ್ಕೆ ಹರಿಯಿತು.

ನಾನು ತೆವಳಿಕೊಂಡು ಹೋಗಿ ಅಳಿಯನ ಮುಷ್ಟಿ ಬಿಡಿಸಿದೆ. ಒಳಗೆ ಪೈಪಿನ ತುಂಡುಗಳನ್ನು ಸೇರಿಸುವ ಬೆರಳುದ್ದದ ಪ್ಲಾಸ್ಟಿಕ್ ಜಾಯಿಂಟ್ ಇತ್ತು. ಅವನು ಕೊಯ್ದು ತೆಗೆದ ಪೈಪಿನ ಚೂರು ಪಕ್ಕದಲ್ಲೇ ಬಿದ್ದಿತ್ತು. ಅದರ ತೂತಿನ ಸುತ್ತ ಅಳಿಲಿನ ಸಣ್ಣ ಹಲ್ಲಿನ ಗುರುತು. ತೂತಾದ ಭಾಗವನ್ನು ಕೊಯ್ದು ತೆಗೆಯದೆ ಜಾಯಿಂಟ್ ಕೂರುವುದಿಲ್ಲ. ಜಗಳ ಬೇಡವೆಂದು, ಮಗ ಏಳುವ ಮೊದಲೇ ಸರಿಮಾಡಲು ಬಂದಿದ್ದ.

“ನಿನ್ನ ಪೈಪಿಗೇ ತೇಪೆ ಹಾಕ್ತಿದ್ದ ಕಣೋ, ಪಾಪಿ” ಎಂದೆ.

ಮಗ ಜಾಯಿಂಟನ್ನೇ ನೋಡುತ್ತ ನಿಂತ. ಹಾರೆ ಕೈಜಾರಿತು. ಆಮೇಲೆ, “ಅಪ್ಪ, ಅದನ್ನ ಇಲ್ಲಿ ಕೊಡು. ಕಳ್ಳತನ ಮಾಡ್ತಾ ಸಿಕ್ಕಿಬಿದ್ದ, ಚಾಕು ಬೀಸಿದ, ನಾನು ಹೊಡೆದೆ. ನೀನು ಹೇಳಬೇಕಾದ್ದು ಇಷ್ಟೇ” ಎಂದ.

“ಸತ್ತವನನ್ನ ಕಳ್ಳ ಅನ್ನಲಾ?”

“ಇರೋ ಒಬ್ಬ ಮಗನ್ನ ಜೈಲಿಗೆ ಅಟ್ಟಲಾ ಅಂತ ಕೇಳ್ಕೋ!”

ನಾನು ಜಾಯಿಂಟ್ ಹಿಡಿದ ಮುಷ್ಟಿ ಬಿಗಿದೆ. ಅವನು ನನ್ನನ್ನು ಕೆಡವಿ, ಎದೆಯ ಮೇಲೆ ಮಂಡಿಯೂರಿ ಬೆರಳುಗಳನ್ನು ಹಿಂದಕ್ಕೆ ಮಡಚಿದ. ಕಿರುಬೆರಳು ಲಟಕ್ಕೆಂದಿತು. ಪಕ್ಕದ್ದೂ ಮುರಿಯಿತು. ದೇವರನ್ನು ಕೂಗಿದೆ. ಕಣ್ಣು ತೆರೆದಾಗ ಕಂಡದ್ದು, ಮಗನ ಬೆನ್ನ ಹಿಂದೆ ಹಾರೆ ಎತ್ತಿ ನಿಂತ ಮಗಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

ಅವನು ಬಿಡಿಸಲಾರದ ಮುಷ್ಟಿಯನ್ನು ನಾನೇ ಬಿಚ್ಚಿ ಅವಳತ್ತ ಚಾಚಿದೆ.

“ನಿನ್ನ ಗಂಡ ಕಳ್ಳ ಅಲ್ಲಮ್ಮ. ಇದನ್ನ ಯಾರೆದುರು ಬೇಕಾದ್ರೂ ಹೇಳ್ತೀನಿ. ಹಾರೆ ಇಳಿಸು ತಾಯಿ, ನೀನಾದ್ರೂ ನನಗೆ ಉಳಿ.”

ಅವಳು ಎಷ್ಟೋ ಹೊತ್ತು ಹಾಗೇ ನಿಂತಿದ್ದಳು. ಮಗ ತಿರುಗಿ ಅವಳನ್ನು ಕಂಡು ತಲೆ ಬಗ್ಗಿಸಿದ, ತಪ್ಪಿಸಿಕೊಳ್ಳಲೂ ಇಲ್ಲ. ಕೊನೆಗೆ ಅವಳು ಹಾರೆಯನ್ನು ಕೆಸರಿಗೆ ಎಸೆದು, ಜಾಯಿಂಟನ್ನು ತೆಗೆದುಕೊಂಡು ಗಂಡನ ಪಕ್ಕ ಕುಸಿದಳು.

ಪೊಲೀಸಿನವರು ಕೇಳಿದರು, “ಹೊಡೆದವನು ನಿಮ್ಮ ಮಗ ತಾನೇ, ಯಜಮಾನ್ರೇ?”

“ಹೌದು. ಸತ್ತವನೂ ಮಗನೇ” ಎಂದು, ಕಂಡದ್ದನ್ನು ಕಂಡಂತೆ ಹೇಳಿದೆ.

ಆ ಎರಡು ಬೆರಳು ಇಂದಿಗೂ ನೆಟ್ಟಗಾಗಿಲ್ಲ. ಕೈ ಜೋಡಿಸಿದರೆ ಹೊರಗೇ ಚಾಚಿರುತ್ತವೆ. ಇಬ್ಬರಿಗಾಗಿಯೂ ಬೇಡಲು ದೇವರೆದುರು ಹಾಗೆಯೇ ನಿಲ್ಲುತ್ತೇನೆ.